ಮನೆಯಲ್ಲೇ ಹಣ್ಣಿನ ಐಸ್ ಟೀ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತು ಅಂದರೆ ನಮ್ಮ ಮನೆಯ ಫ್ರಿಜ್‌ನಲ್ಲಿ ಒಂದು ಗಾಜಿನ ಜಗ್ ಕಾಯಂ ಆಗಿ ಕೂತುಬಿಡುತ್ತದೆ. ಮಳೆ ಹಿಡಿಯುವವರೆಗೂ ಅದರಲ್ಲಿ ಒಂದಲ್ಲ ಒಂದು ಹಣ್ಣಿನ ಐಸ್ ಟೀ ಇದ್ದೇ ಇರುತ್ತದೆ. ಮನೆಗೆ ಬಂದವರು ಒಂದು ಲೋಟ ಕುಡಿದು, ಇದನ್ನು ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಮನೆಗೆ ಹೋಗಿ ಮಾಡಿ ನೋಡಿ ಮತ್ತೆ ಫೋನ್ ಮಾಡುತ್ತಾರೆ: ಕಹಿ ಆಯ್ತು, ಮಸುಕಾಯ್ತು, ಸಕ್ಕರೆ ತಳದಲ್ಲೇ ಕೂತಿದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲ ಸಲ ಮಾಡುತ್ತಿದ್ದೇನೆ. ತೀರಾ ಸುಲಭದ ಅಳತೆ ಯಾವುದು?

ಒಂದು ಲೀಟರ್‌ಗೆ ಹೇಳುತ್ತೇನೆ. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಒಲೆ ಆರಿಸಿ. ಅದಕ್ಕೆ 10 ಗ್ರಾಂ ಎಲೆ ಟೀ ಹಾಕಿ. ಅಂದರೆ ಸುಮಾರು ನಾಲ್ಕೈದು ಟೀ ಚಮಚ. ತಟ್ಟೆ ಮುಚ್ಚಿ, ನಾಲ್ಕು ನಿಮಿಷ ಬಿಡಿ. ಗಡಿಯಾರ ನೋಡಿಕೊಂಡೇ ಬಿಡಿ, ಅಂದಾಜು ಬೇಡ. ಸೋಸಿ. ಬಿಸಿ ಇರುವಾಗಲೇ ನಾಲ್ಕು ದೊಡ್ಡ ಚಮಚ ಸಕ್ಕರೆ ಕರಗಿಸಿ. ಆಮೇಲೆ ಅರ್ಧ ಲೀಟರ್ ತಣ್ಣೀರು ಸೇರಿಸಿ. ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಕುಡಿಯುವ ಮುಂಚೆ ಹಣ್ಣಿನ ರಸ, ಲಿಂಬೆ ರಸ, ಐಸ್ ಹಾಕಿ.

ಇಷ್ಟೇ. ಉಳಿದದ್ದೆಲ್ಲ ಇದರ ಮೇಲಿನ ಕೈಚಳಕ.

ನಾವು ದಿನಾ ಟೀ ಕುದಿಸಿಯೇ ಮಾಡುತ್ತೇವೆ. ಇದಕ್ಕೂ ಹಾಗೇ ಕುದಿಸಿದರೆ ಏನಾಗುತ್ತದೆ?

ದಯವಿಟ್ಟು ಕುದಿಸಬೇಡಿ. ನನಗೆ ಬರುವ ಹತ್ತು ದೂರುಗಳಲ್ಲಿ ಏಳೆಂಟಕ್ಕೆ ಕಾರಣ ಇದೇ.

ನಮ್ಮ ದಿನದ ಟೀಯಲ್ಲಿ ಹಾಲು ಇರುತ್ತದೆ. ಪುಡಿಯನ್ನು ಎಷ್ಟು ಕುದಿಸಿದರೂ, ಅದು ಬಿಟ್ಟ ಒಗರನ್ನು ಹಾಲಿನ ಪ್ರೋಟೀನ್ ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ನಾಲಿಗೆಗೆ ಕಡಕ್ ಅನ್ನಿಸುತ್ತದೆ, ಕಹಿ ಅನ್ನಿಸುವುದಿಲ್ಲ. ಐಸ್ ಟೀಯಲ್ಲಿ ಹಾಲಿಲ್ಲ. ಒಗರು ನೇರ ನಾಲಿಗೆಗೆ ತಾಗುತ್ತದೆ. ಮೇಲೆ ಹಣ್ಣಿನ ಹುಳಿ ಬೇರೆ ಸೇರುತ್ತದೆ. ಆಗ ಎಷ್ಟು ಸಕ್ಕರೆ ಸುರಿದರೂ ಸರಿಹೋಗುವುದಿಲ್ಲ.

ಸ್ಟ್ರಾಂಗ್ ಬೇಕಾ? ಎಲೆ ಜಾಸ್ತಿ ಮಾಡಿ, ಸಮಯ ಜಾಸ್ತಿ ಮಾಡಬೇಡಿ. ಈ ಒಂದು ಮಾತು ನೆನಪಿಟ್ಟರೆ ಅರ್ಧ ಕೆಲಸ ಆದ ಹಾಗೆ. ಸೋಸುವಾಗ ಚಮಚದಿಂದ ಎಲೆಯನ್ನು ಒತ್ತಿ ಹಿಂಡುವುದೂ ಬೇಡ. ಆ ಕೊನೆಯ ಹನಿಗಳಲ್ಲಿ ಕಹಿಯೇ ಜಾಸ್ತಿ.

ಯಾವ ಟೀ ತರಬೇಕು? ಮನೆಯಲ್ಲಿರುವ ಡಸ್ಟ್ ಟೀ ನಡೆಯುತ್ತಾ?

ನಡೆಯುತ್ತದೆ, ಸ್ವಲ್ಪ ಎಚ್ಚರ ಬೇಕು. ನಮ್ಮ ಅಡುಗೆಮನೆಗಳಲ್ಲಿ ಇರುವುದು ಹೆಚ್ಚಾಗಿ ಸಿಟಿಸಿ ಟೀ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಉಂಡೆ ಕಟ್ಟಿ ಮಾಡುವ ವಿಧಾನ ಅದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾಯಿತು. ಕಣ ಸಣ್ಣದಾದ್ದರಿಂದ ಬಣ್ಣ, ಕಡಕ್‌ತನ ತಕ್ಷಣ ಬಿಡುತ್ತದೆ. ಹಾಲಿನ ಟೀಗೆ ಹೇಳಿ ಮಾಡಿಸಿದ ಪುಡಿ. ಐಸ್ ಟೀಗೆ ಬಳಸುವುದಾದರೆ ಲೀಟರ್‌ಗೆ ಮೂರು ಚಮಚ ಸಾಕು. ನಾಲ್ಕು ನಿಮಿಷ ಅಲ್ಲ, ಎರಡೇ ನಿಮಿಷ.

ಆದರೂ ನನ್ನನ್ನು ಕೇಳಿದರೆ ಬೇಸಿಗೆಗೆ ಅಂತ ಒಂದು ಪೊಟ್ಟಣ ಆರ್ಥೊಡಾಕ್ಸ್ ಎಲೆ ಟೀ, ಅಂದರೆ ಉಂಡೆ ಕಟ್ಟದೆ ಎಲೆಯನ್ನು ಸುರುಳಿ ಸುತ್ತಿ ಒಣಗಿಸಿದ್ದು, ತನ್ನಿ. ಅದರಲ್ಲೂ ನೀಲಗಿರಿಯದು. ಊಟಿ, ಕೂನೂರು ನಮಗೆ ಪಕ್ಕದ ಊರು. ಅಲ್ಲಿನ ಎಲೆಗೆ ಒಂದು ದೊಡ್ಡ ಗುಣ ಇದೆ: ತಣ್ಣಗಾದ ಮೇಲೂ ನೀರು ಮಸುಕಾಗುವುದು ಕಡಿಮೆ. ಅದಕ್ಕೇ ಐಸ್ ಟೀ ಮಾಡುವವರು ಹೊರದೇಶಗಳಲ್ಲೂ ನೀಲಗಿರಿ ಟೀ ಹುಡುಕುತ್ತಾರೆ. ಪರಿಮಳವೂ ತಿಳಿಯಾಗಿರುತ್ತದೆ, ಹಣ್ಣಿನ ಮೇಲೆ ಸವಾರಿ ಮಾಡುವುದಿಲ್ಲ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಕಾಫಿಯ ನಡುವೆ ಕೆಲವು ಟೀ ತೋಟಗಳಿವೆ. ಆ ಕಡೆ ಹೋದಾಗ ಸಿಕ್ಕರೆ ಎಲೆ ಟೀ ತಂದು ನೋಡಿ.

ಗ್ರೀನ್ ಟೀ ಆದರೆ ಕುದಿಯುವ ನೀರು ಹಾಕಲೇಬೇಡಿ. ಕುದಿಸಿದ ನೀರನ್ನು ಮುಚ್ಚಳ ತೆಗೆದು ಐದಾರು ನಿಮಿಷ ಬಿಟ್ಟು, ಆಮೇಲೆ ಎಲೆ ಹಾಕಿ. ಎರಡು ನಿಮಿಷಕ್ಕೆ ಸೋಸಿ.

ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಕೆಸರು ನೀರಿನ ಹಾಗೆ ಮಸುಕಾಗಿದೆ. ಕೆಟ್ಟುಹೋಯಿತಾ?

ಇಲ್ಲ, ಕೆಟ್ಟಿಲ್ಲ. ಕುಡಿಯಬಹುದು. ಟೀಯಲ್ಲಿರುವ ಕೆಫೀನ್ ಮತ್ತು ಒಗರಿನ ಅಂಶಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಕಣ ಆಗುತ್ತವೆ. ಬಿಸಿಯಲ್ಲಿ ಅವು ಕರಗಿರುತ್ತವೆ, ಚಳಿಯಲ್ಲಿ ಬೇರೆಯಾಗುತ್ತವೆ. ಬೆಳಕಿಗೆ ಹಿಡಿದಾಗ ಮಸುಕಾಗಿ ಕಾಣುವುದು ಅದೇ.

ಈಗಾಗಲೇ ಆಗಿದ್ದರೆ ಅರ್ಧ ಲೋಟ ಕುದಿಯುವ ನೀರು ಹಾಕಿ ಕಲಕಿ. ಬಹಳ ಸಲ ತಿಳಿಯಾಗುತ್ತದೆ. ಮುಂದಿನ ಸಲ ಆಗದಿರಲು: ಟೀ ಅತಿ ಗಟ್ಟಿ ಮಾಡಬೇಡಿ, ಬಿಸಿ ಬಿಸಿಯಾಗಿರುವಾಗ ಫ್ರಿಜ್‌ಗೆ ತಳ್ಳಬೇಡಿ, ಮತ್ತು ನೀರು ಬದಲಿಸಿ ನೋಡಿ.

ನೀರಿನ ಮಾತು ಯಾಕೆ ಬಂತು ಅಂದರೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಟೀಯ ಮೇಲೆ ತೆಳ್ಳಗೆ ಒಂದು ಕೆನೆಯಂಥ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ? ಅದು ಗಡಸು ನೀರಿನ ಗುರುತು. ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಒಂದು ಮನೆಯಲ್ಲಿ ಬರೀ ಬೋರ್‌ವೆಲ್ ನೀರು. ಅಲ್ಲಿದ್ದ ಎರಡು ಬೇಸಿಗೆ ನನ್ನ ಐಸ್ ಟೀ ಒಮ್ಮೆಯೂ ತಿಳಿಯಾಗಲಿಲ್ಲ. ಎಲೆ ಬದಲಿಸಿದೆ, ಸಮಯ ಬದಲಿಸಿದೆ, ಏನೂ ಪ್ರಯೋಜನ ಇಲ್ಲ. ಫಿಲ್ಟರ್ ನೀರಿನಲ್ಲಿ ಮಾಡಿದ ಮೊದಲ ದಿನವೇ ಜಗ್‌ನ ಆಚೆ ಬದಿ ಕಾಣಿಸಿತು. ಆ ಖುಷಿ ಇನ್ನೂ ನೆನಪಿದೆ.

ಬೆಂಕಿಯೇ ಇಲ್ಲದೆ, ತಣ್ಣೀರಿನಲ್ಲಿ ಮಾಡಬಹುದಾ?

ಖಂಡಿತ. ಸೆಖೆಯಲ್ಲಿ ಒಲೆ ಹಚ್ಚುವುದೇ ಬೇಡ ಅನ್ನಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ರಾತ್ರಿ ಮಲಗುವ ಮುಂಚೆ ಒಂದು ಲೀಟರ್ ಕುಡಿಯುವ ನೀರಿಗೆ 10ರಿಂದ 12 ಗ್ರಾಂ ಎಲೆ ಟೀ ಹಾಕಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ, ಅಂದರೆ ಎಂಟು ಗಂಟೆಯ ಮೇಲೆ, ಸೋಸಿ. ತಣ್ಣೀರಿನಲ್ಲಿ ಒಗರು ಅಷ್ಟಾಗಿ ಬಿಡುವುದಿಲ್ಲ. ಟೀ ನಯವಾಗಿ, ಸಹಜವಾದ ಸಿಹಿಯ ಹಾಗೆ ಬರುತ್ತದೆ. ಮಸುಕೂ ಆಗುವುದಿಲ್ಲ. ಇದಕ್ಕೆ ಎಲೆ ಟೀಯೇ ಆಗಬೇಕು, ಡಸ್ಟ್ ಬೇಡ.

ಬಿಸಿಲಿಗೆ ಇಟ್ಟು ಮಾಡುವ ವಿಧಾನವನ್ನು ಕೆಲವರು ಕೇಳುತ್ತಾರೆ. ಗಾಜಿನ ಬಾಟಲಿಯಲ್ಲಿ ನೀರು, ಟೀ ಹಾಕಿ ತಾರಸಿ ಮೇಲೆ ಇಡುವುದು. ನಾನು ಬೇಡ ಅನ್ನುತ್ತೇನೆ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ, ಆದರೆ ಕ್ರಿಮಿ ಸಾಯುವಷ್ಟು ಬಿಸಿ ಆಗುವುದಿಲ್ಲ. ದೋಸೆ ಹಿಟ್ಟು ಹುಳಿ ಬರಲು ಎಂಥ ಬೆಚ್ಚಗಿನ ಜಾಗ ಹುಡುಕುತ್ತೇವೋ ಅಂಥದ್ದೇ ಜಾಗ ಅದು. ಟೀಗೆ ಅದು ಬೇಕಿಲ್ಲ.

ಸಕ್ಕರೆ ಕರಗುತ್ತಲೇ ಇಲ್ಲ. ಏನು ಮಾಡಲಿ?

ತಣ್ಣಗಿನ ಟೀಗೆ ಸಕ್ಕರೆ ಹಾಕಿ ಎಷ್ಟು ಕಲಕಿದರೂ ತಳ ಸೇರುತ್ತದೆ. ಬಿಸಿ ಇರುವಾಗಲೇ ಕರಗಿಸಿ. ಇಲ್ಲವೇ ಪಾಕ ಮಾಡಿಟ್ಟುಕೊಳ್ಳಿ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕರಗುವವರೆಗೆ ಬಿಸಿ ಮಾಡಿದರೆ ಸಾಕು. ಎಳೆ ಪಾಕ ಬೇಕಿಲ್ಲ. ಆ ಬಿಸಿ ಪಾಕಕ್ಕೇ ಪುದೀನ, ಜಜ್ಜಿದ ಶುಂಠಿ, ಮಜ್ಜಿಗೆ ಹುಲ್ಲು ಅಥವಾ ಏಲಕ್ಕಿ ಸಿಪ್ಪೆ ಹಾಕಿ ಮುಚ್ಚಿಡಿ. ಆರಿದ ಮೇಲೆ ಸೋಸಿ ಬಾಟಲಿಗೆ ತುಂಬಿ. ಫ್ರಿಜ್‌ನಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಸಿಹಿ ಜಾಸ್ತಿ, ಒಬ್ಬರಿಗೆ ಕಡಿಮೆ ಅಂದರೆ ಪಾಕವೇ ವಾಸಿ. ಅವರವರ ಲೋಟಕ್ಕೆ ಅವರವರ ಅಳತೆ.

ಇನ್ನೊಂದು ವಿಷಯ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಬೆಚ್ಚಗಿರುವಾಗ ರುಚಿ ನೋಡುವುದಾದರೆ ಒಂದು ಚೂರು ಸಿಹಿ ಮುಂದಿದೆ ಅನ್ನಿಸಬೇಕು. ಐಸ್ ಬಿದ್ದ ಮೇಲೆ ಸರಿಯಾಗುತ್ತದೆ.

ಬೆಲ್ಲ ಹಾಕಬಹುದಾ? ಜೇನುತುಪ್ಪ?

ಬೆಲ್ಲ ಹಾಕಿದರೆ ಬಣ್ಣ ಗಾಢವಾಗುತ್ತದೆ, ಬೆಲ್ಲದ್ದೇ ರುಚಿ ಮುಂದೆ ಬರುತ್ತದೆ. ಮಾವಿನಕಾಯಿ, ಪುನರ್ಪುಳಿ, ಶುಂಠಿ ಲಿಂಬೆ ಜೊತೆ ತುಂಬಾ ಹೊಂದುತ್ತದೆ. ದ್ರಾಕ್ಷಿ, ಕಲ್ಲಂಗಡಿ ಜೊತೆ ಹೊಂದುವುದಿಲ್ಲ. ಅಚ್ಚು ಬೆಲ್ಲ ಆದರೆ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ತಳದಲ್ಲಿ ಮಣ್ಣು ಉಳಿಯುತ್ತದೆ. ಮಲೆನಾಡಿನ ಕಡೆಯವರಿಗೆ ಈ ಕಷ್ಟವೇ ಇಲ್ಲ. ಜೋನಿ ಬೆಲ್ಲ ನೀರಾಗಿಯೇ ಇರುತ್ತದೆ, ಚಮಚದಲ್ಲಿ ತೆಗೆದು ಹಾಗೇ ಕಲಕಬಹುದು. ಶಿರಸಿ, ಸಾಗರದ ಸಂಬಂಧಿಕರು ಊರಿಂದ ಬರುವಾಗ ಒಂದು ಡಬ್ಬಿ ತರಲು ಹೇಳಿ.

ಜೇನನ್ನು ಟೀ ಆರಿದ ಮೇಲೆ ಹಾಕಿ, ಅದರ ಪರಿಮಳ ಉಳಿಯುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ.

ಯಾವ ಹಣ್ಣು ಹೊಂದುತ್ತದೆ?

ಹುಳಿ, ಪರಿಮಳ ಎರಡೂ ಇರುವ ಹಣ್ಣು ಹೊಂದುತ್ತದೆ. ಬರೀ ಸಿಹಿ ಇರುವ ಹಣ್ಣು ಟೀಯಲ್ಲಿ ಕಳೆದುಹೋಗುತ್ತದೆ. ಬಾಳೆಹಣ್ಣು, ಸಪೋಟ, ಹಲಸಿನಹಣ್ಣು ಇದಕ್ಕೆ ಬೇಡ. ಅವು ಹಾಗೇ ತಿನ್ನಲು ಚೆಂದ.

ಅಂಗಡಿಯಲ್ಲಿ ಎಲ್ಲೆಲ್ಲೂ ಪೀಚ್ ಐಸ್ ಟೀ ಕಾಣುತ್ತದೆ. ಅದಕ್ಕೇ ಅನೇಕರು ಪೀಚ್ ಹುಡುಕಿಕೊಂಡು ಹೋಗುತ್ತಾರೆ. ಪೀಚ್ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬೇಸಿಗೆಯ ಮನೆ ಹಣ್ಣು, ಅಲ್ಲಿಯವರು ತಮ್ಮ ಹಣ್ಣನ್ನು ತಮ್ಮ ಟೀಗೆ ಹಾಕಿದರು. ನಮಗೆ ಬೇಸಿಗೆಯಲ್ಲಿ ಮನೆ ಬಾಗಿಲಿಗೇ ಗಾಡಿಯಲ್ಲಿ ಬರುವ ಹಣ್ಣುಗಳಿವೆ. ನಾನು ಅವುಗಳ ಹಿಂದೆ ಬಿದ್ದಿದ್ದೇನೆ. ಮುಂದಿನ ಕೆಲವು ಉತ್ತರಗಳು ಅವಕ್ಕೇ ಮೀಸಲು.

ಮಾವಿನಹಣ್ಣಿನದು ಹೇಗೆ? ನನ್ನದು ಪಾಯಸದ ಹಾಗೆ ಗಟ್ಟಿ ಆಯ್ತು.

ಬಾದಾಮಿ ಮಾವು ಹಾಕಿರಬೇಕು. ಅದರ ತಿರುಳು ಮಂದ, ಟೀಯಲ್ಲಿ ಬೆರೆಯದೆ ತಳ ಕೂರುತ್ತದೆ. ಐಸ್ ಟೀಗೆ ರಸಪುರಿ ತನ್ನಿ. ಹೆಸರೇ ಹೇಳುವ ಹಾಗೆ ಅದರಲ್ಲಿ ರಸ ಜಾಸ್ತಿ. ಮಧ್ಯಮ ಗಾತ್ರದ ಎರಡು ಹಣ್ಣು ಹಿಸುಕಿ, ಜರಡಿಯಲ್ಲಿ ಸೋಸಿ ನಾರು ತೆಗೆಯಿರಿ. ಒಂದು ಲೀಟರ್ ಟೀಗೆ ಒಂದು ಲೋಟ ರಸ ಸಾಕು. ಅರ್ಧ ಲಿಂಬೆ ಹಿಂಡಲೇಬೇಕು, ಇಲ್ಲದಿದ್ದರೆ ಸಪ್ಪೆ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಎಷ್ಟೇ ಸೋಸಿದರೂ ಸ್ವಲ್ಪ ತಳ ಕೂರುತ್ತದೆ, ಕುಡಿಯುವ ಮುಂಚೆ ಕಲಕಿದರಾಯಿತು.

ತೋತಾಪುರಿ, ಅಂದರೆ ನಮ್ಮ ಗಿಣಿಮೂತಿ ಮಾವು, ಇನ್ನೊಂದು ಒಳ್ಳೆಯ ಆಯ್ಕೆ. ಅರೆ ಹಣ್ಣಾದದ್ದನ್ನು ತೆಳ್ಳಗೆ ಹೆಚ್ಚಿ, ಜಗ್‌ನಲ್ಲಿ ಹಾಕಿ ಎರಡು ಗಂಟೆ ಬಿಡಿ. ಹುಳಿ, ಪರಿಮಳ ಎರಡನ್ನೂ ಬಿಡುತ್ತದೆ. ಟೀ ತಿಳಿಯಾಗಿಯೇ ಉಳಿಯುತ್ತದೆ. ಕೊನೆಗೆ ಹೋಳುಗಳನ್ನು ತಿನ್ನಲು ನಮ್ಮ ಮನೆಯಲ್ಲಿ ಜಗಳವೇ ಆಗುತ್ತದೆ.

ಮಾವಿನಕಾಯಿಯದೂ ಮಾಡಬಹುದು. ಕಾಯಿ ಬೇಯಿಸಿ, ತಿರುಳು ಕಿವುಚಿ, ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಸೇರಿಸಿ ತೆಳು ಟೀಗೆ ಬೆರೆಸಿ. ಉತ್ತರ ಕನ್ನಡದ ಕಡೆ ಅಪ್ಪೆಹುಳಿ ಕುಡಿದು ಬೆಳೆದವರಿಗೆ ಈ ರುಚಿ ತಕ್ಷಣ ಒಗ್ಗುತ್ತದೆ.

ಪುನರ್ಪುಳಿ ಮತ್ತು ಟೀ ಹೊಂದುತ್ತದಾ?

ಇದು ನನಗೆ ಅತಿ ಇಷ್ಟದ್ದು, ಆದರೆ ಅಳತೆ ಸ್ವಲ್ಪ ನಾಜೂಕು. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು, ಕೊಂಕಣಿಯಲ್ಲಿ ಮತ್ತು ಅಂಗಡಿಗಳಲ್ಲಿ ಕೋಕಂ. ಹಣ್ಣು ಮಳೆಗಾಲಕ್ಕೆ ಮುಂಚೆ ಆಗುತ್ತದೆ, ಒಣಗಿಸಿದ ಸಿಪ್ಪೆ ವರ್ಷವಿಡೀ ಸಿಗುತ್ತದೆ.

ಪುನರ್ಪುಳಿಯಲ್ಲೂ ಒಗರಿದೆ, ಟೀಯಲ್ಲೂ ಒಗರಿದೆ. ಎರಡೂ ಗಟ್ಟಿಯಾದರೆ ಬಾಯಿ ಒಣಗಿದ ಹಾಗೆ ಆಗುತ್ತದೆ. ಅದಕ್ಕೆ ಟೀ ಎಲೆಯನ್ನು ಅರ್ಧ ಮಾಡಿ, ಲೀಟರ್‌ಗೆ 5 ಗ್ರಾಂ ಸಾಕು. ಏಳೆಂಟು ಒಣ ಸಿಪ್ಪೆ ತೊಳೆದು, ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ ಟೀಗೆ ಸೇರಿಸಿ. ಸಿಹಿಗೆ ಬೆಲ್ಲ. ಲಿಂಬೆ ಬೇಡವೇ ಬೇಡ. ಬಣ್ಣ ಮಾಣಿಕ್ಯದ ಹಾಗೆ ಬರುತ್ತದೆ. ತರುವಾಗ ಒಂದು ಸಿಪ್ಪೆ ನೆಕ್ಕಿ ನೋಡಿ, ಸಾರಿಗೆ ಅಂತ ಉಪ್ಪು ಹಾಕಿ ಒಣಗಿಸಿದ್ದೂ ಮಾರುತ್ತಾರೆ. ಉಪ್ಪಿಲ್ಲದ್ದೇ ಬೇಕು.

ಅನಾನಸ್ ಹಾಕಿದರೆ ನಾಲಿಗೆ ಚುರುಚುರು ಅನ್ನುತ್ತದೆ.

ಹಸಿ ಅನಾನಸ್‌ನಲ್ಲಿರುವ ಬ್ರೊಮಿಲೈನ್ ಅನ್ನುವ ಕಿಣ್ವದ್ದೂ ಅದರಲ್ಲಿ ಕೈವಾಡ ಇದೆ. ಬಿಸಿ ತಾಗಿದರೆ ಅದರ ಆಟ ನಿಲ್ಲುತ್ತದೆ. ಹಣ್ಣನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ. ಗೊಜ್ಜಿಗೆ ಬೇಯಿಸುವಷ್ಟೂ ಬೇಡ. ರಸ ಬಿಟ್ಟ ಕೂಡಲೇ ಇಳಿಸಿ. ಟೀ ಕುದಿಸಬೇಡಿ ಅಂದ ನಾನೇ ಅನಾನಸ್ ಮಾತ್ರ ಬೇಯಿಸಿ ಅನ್ನುತ್ತೇನೆ, ಬೇಯಿಸಿದಾಗ ಅದರ ಪರಿಮಳ ದುಪ್ಪಟ್ಟಾಗುತ್ತದೆ.

ನಡುವಿನ ದಿಂಡು ಮತ್ತು ಚೆನ್ನಾಗಿ ಉಜ್ಜಿ ತೊಳೆದ ಸಿಪ್ಪೆಯನ್ನು ಎಸೆಯಬೇಡಿ. ಶುಂಠಿ ಚೂರಿನ ಜೊತೆ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಸೋಸಿ, ಅದೇ ನೀರಿನಲ್ಲಿ ಟೀ ನೆನೆಸಿ. ಬನವಾಸಿ ಕಡೆಯ ಒಳ್ಳೆಯ ಅನಾನಸ್ ಸಿಕ್ಕಿದ ದಿನ ಇದನ್ನು ಮಾಡಿ, ಮನೆಯೆಲ್ಲ ಘಮ್ ಅನ್ನುತ್ತದೆ.

ಕಲ್ಲಂಗಡಿ, ದ್ರಾಕ್ಷಿ, ನೇರಳೆ?

ಕಲ್ಲಂಗಡಿಯಲ್ಲಿ ನೀರೇ ಹೆಚ್ಚು. ರಸ ಹಾಕಿದರೆ ಟೀ ನೀರು ನೀರಾಗುತ್ತದೆ. ಬೀಜ ತೆಗೆದು, ಚೌಕ ತುಂಡು ಮಾಡಿ, ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿಡಿ. ಐಸ್ ಬದಲು ಆ ತುಂಡುಗಳನ್ನೇ ಲೋಟಕ್ಕೆ ಹಾಕಿ. ಕರಗಿದಷ್ಟೂ ರುಚಿ ಏರುತ್ತಾ ಹೋಗುತ್ತದೆ.

ದ್ರಾಕ್ಷಿಯಲ್ಲಿ ಬೆಂಗಳೂರು ಬ್ಲೂ ಅಂತ ಕರೆಯುವ ಕಪ್ಪು ದ್ರಾಕ್ಷಿ ಬೇಕು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ್ದು. ಬೀಜ ಇರುತ್ತದೆ, ಸಿಪ್ಪೆ ದಪ್ಪ, ತಿನ್ನಲು ಕೆಲವರಿಗೆ ಬೇಸರ. ಆದರೆ ಅದರ ಪರಿಮಳ ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಎಲ್ಲಿಂದ ಬರಬೇಕು! ಸ್ವಲ್ಪ ನೀರಿನಲ್ಲಿ ಬಿಸಿ ಮಾಡಿ, ಕಿವುಚಿ, ಸೋಸಿ ಹಾಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಕಹಿಯಾಗುತ್ತದೆ.

ನೇರಳೆ ಬರುವ ಹೊತ್ತಿಗೆ ಮಳೆಯೂ ಬಂದಿರುತ್ತದೆ. ಅದೂ ಒಗರಿನ ಹಣ್ಣು, ಪುನರ್ಪುಳಿಯ ಹಾಗೇ ಟೀ ಕಡಿಮೆ ಹಾಕಿ. ಬಿಳಿ ಬಟ್ಟೆ ಹಾಕಿಕೊಂಡು ಕಿವುಚಬೇಡಿ.

ಲಿಂಬೆ ಯಾವಾಗ ಹಿಂಡಬೇಕು? ಹಿಂಡಿದ ತಕ್ಷಣ ಬಣ್ಣ ತೆಳುವಾಗುತ್ತದೆ ಯಾಕೆ?

ಟೀ ಆರಿದ ಮೇಲೆ, ಕುಡಿಯುವ ಹೊತ್ತಿಗೆ. ಲೀಟರ್‌ಗೆ ಎರಡು ಲಿಂಬೆ. ಟೀಯ ಕೆಂಪು ಕಂದು ಬಣ್ಣದ ಅಂಶಗಳು ಹುಳಿ ಸೇರಿದಾಗ ತಿಳಿಯಾಗುತ್ತವೆ. ಟೀ ತೆಳುವಾಯಿತು ಅಂತ ಗಾಬರಿ ಬೇಡ, ಬಣ್ಣ ಮಾತ್ರ ಬದಲಾಗಿದೆ. ಹಿಂಡಿದ ಸಿಪ್ಪೆಯನ್ನು ರಾತ್ರಿಯಿಡೀ ಜಗ್‌ನಲ್ಲಿ ಬಿಟ್ಟರೆ ಕಹಿ. ಅಂದಕ್ಕೆ ಬಿಲ್ಲೆ ಹಾಕುವುದಾದರೆ ಲೋಟಕ್ಕೇ ಹಾಕಿ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಸಿಕ್ಕರೆ ಬಿಡಬೇಡಿ. ರಸ ತುಂಬಿರುತ್ತದೆ.

ಹಾಲು ಹಾಕಬಹುದಾ?

ಬೇಡ. ಹಣ್ಣಿನ ಹುಳಿಗೆ ಒಡೆಯುತ್ತದೆ.

ಐಸ್ ಹಾಕಿದ ಮೇಲೆ ನೀರು ನೀರು. ಇದಕ್ಕೇನು ಉಪಾಯ?

ಒಂದೋ ಟೀಯನ್ನೇ ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿ. ಇಲ್ಲ, ಮೊದಲೇ ಟೀಯನ್ನು ಮೂರನೇ ಒಂದು ಪಾಲು ಗಟ್ಟಿ ಮಾಡಿ. ಹೆಪ್ಪುಗಟ್ಟಿದ ಹಣ್ಣಿನ ತುಂಡು ಮೂರನೇ ದಾರಿ. ಮತ್ತೆ, ಟೀ ಚೆನ್ನಾಗಿ ತಣ್ಣಗಾಗಿದ್ದರೆ ಐಸ್ ಬೇಗ ಕರಗುವುದಿಲ್ಲ. ಬೆಚ್ಚಗಿನ ಟೀಗೆ ನಾಲ್ಕು ತುಂಡು ಐಸ್ ಹಾಕಿ ತಣ್ಣಗಾಗಲಿ ಅಂತ ಕಾಯುವುದರಲ್ಲೇ ರುಚಿ ಹೋಗುವುದು. ಐಸ್ ಮನೆಯ ಕುಡಿಯುವ ನೀರಿನದ್ದೇ ಆಗಿರಲಿ. ಮೀನು ಇಡಲು ಮಾರುವ ಐಸ್ ಗಡ್ಡೆ ಲೋಟಕ್ಕೆ ಬೇಡ.

ಯಾವ ಪಾತ್ರೆ ಬಳಸಬೇಕು?

ಗಾಜು ಅಥವಾ ಸ್ಟೀಲ್. ಕಬ್ಬಿಣದ ಪಾತ್ರೆಯಲ್ಲಿ ಟೀ ಕಪ್ಪಾಗುತ್ತದೆ. ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಡಲೇಬಾರದು, ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ಸರಿಯೇ.

ಎಷ್ಟು ದಿನ ಇಡಬಹುದು?

ಹಣ್ಣು ಹಾಕದ ಟೀ ಮುಚ್ಚಿದ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಮೂರು ದಿನ. ಹಣ್ಣು ಹಾಕಿದ್ದು ಮರುದಿನಕ್ಕೆ ಮುಗಿಸಿ. ಅದಕ್ಕೇ ನಾನು ಟೀ ಒಂದು ಬಾಟಲಿ, ಪಾಕ ಒಂದು ಬಾಟಲಿ, ಹಣ್ಣು ಬೇರೆ ಇಟ್ಟಿರುತ್ತೇನೆ. ಯಾರಾದರೂ ಬಂದಾಗ ಲೋಟದಲ್ಲೇ ಕೂಡಿಸಿದರಾಯಿತು. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ನಮ್ಮ ಏಪ್ರಿಲ್ ಸೆಖೆಯಲ್ಲಂತೂ ಇನ್ನೂ ಕಡಿಮೆ. ಲೋಳೆ ಲೋಳೆಯಾಗಿ ಎಳೆ ಬಂದರೆ, ನೊರೆ ಕಂಡರೆ, ಹೆಂಡದ ವಾಸನೆ ಬಂದರೆ ಚೆಲ್ಲಿ. ರುಚಿ ನೋಡಲು ಹೋಗಬೇಡಿ.

ಮಕ್ಕಳಿಗೆ ಕೊಡಬಹುದಾ? ಬಸುರಿಯರಿಗೆ?

ಚಿಕ್ಕ ಮಕ್ಕಳಿಗೆ ಟೀ ಎಲೆ ಇಲ್ಲದ್ದು ಮಾಡಿಕೊಡಿ. ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಿನಲ್ಲಿ ನೆನೆಸಿ ಲಿಂಬೆ ಹಿಂಡಿದರೆ ಚೆಂದದ ಗುಲಾಬಿ ಬಣ್ಣ. ಶಂಖಪುಷ್ಪದ ನೀಲಿ ಹೂವಾದರೆ ಇನ್ನೂ ಮಜಾ: ನೀಲಿ ನೀರಿಗೆ ಲಿಂಬೆ ರಸ ಬಿದ್ದ ಕ್ಷಣ ನೇರಳೆ ಬಣ್ಣ ಆಗುತ್ತದೆ. ಮಕ್ಕಳು ತಾವೇ ಹಿಂಡುತ್ತೇವೆ ಅಂತ ಸಾಲು ನಿಲ್ಲುತ್ತಾರೆ. ಔಷಧಿ ಹೊಡೆಯದ, ಮನೆಯಂಗಳದ ಹೂವೇ ಆಗಿರಲಿ. ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿ, ದೊಡ್ಡ ಮಕ್ಕಳಿಗೆ ಅದೂ ಇಷ್ಟ.

ಬಸುರಿಯರು ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಬೇಡ ಅಂತ ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ. ಒಂದು ಲೋಟ ಟೀಯಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಇರುತ್ತದೆ. ಆ ದಿನದ ಕಾಫಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ದಾಸವಾಳ, ಶಂಖಪುಷ್ಪದಂಥ ಹೂವಿನ ಪಾನೀಯ ಆ ಸಮಯದಲ್ಲಿ ಬೇಡ. ಅನುಮಾನ ಇದ್ದರೆ ನಿಮ್ಮ ವೈದ್ಯರನ್ನೇ ಕೇಳಿ.

ಸಕ್ಕರೆ ಕಾಯಿಲೆ ಇರುವವರು ಕುಡಿಯಬಹುದಾ?

ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸ ಯಾವುದೂ ಹಾಕದೆ ಮಾಡಿದರೆ ಕುಡಿಯಬಹುದು. ತಣ್ಣೀರಿನಲ್ಲಿ ನೆನೆಸಿದ ಟೀಗೆ ಪುದೀನ, ಶುಂಠಿ, ಲಿಂಬೆ, ಒಂದೆರಡು ಕಿತ್ತಳೆ ಬಿಲ್ಲೆ ಹಾಕಿ. ಚಿಟಿಕೆ ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ, ಸಕ್ಕರೆಯ ನೆನಪೂ ಆಗುವುದಿಲ್ಲ. ನಮ್ಮ ಮಾವನವರಿಗೆ ನಾನು ಮಾಡಿಕೊಡುವುದು ಇದೇ. ಬೇರೆಯವರ ಲೋಟ ನೋಡಿ ಅವರಿಗೆ ಬೇಸರ ಆಗಬಾರದು ಅಂತ ಅದೇ ಗಾಜಿನ ಲೋಟ, ಅದೇ ಪುದೀನ ಕುಡಿ.

ಊಟದ ಜೊತೆ ಕುಡಿಯಬಹುದಾ? ದಿನಕ್ಕೆ ಎಷ್ಟು ಲೋಟ?

ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಟೀಯ ಒಗರು ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಮರೆಯಬಾರದು.

ದಿನಕ್ಕೆ ಎರಡು ಮೂರು ಲೋಟ ಸಾಕು. ಟೀಯಲ್ಲಿ ಆಕ್ಸಲೇಟ್ ಅನ್ನುವ ಅಂಶ ಇದೆ, ಕಿಡ್ನಿ ಕಲ್ಲು ಆದವರು ಅದರ ಬಗ್ಗೆ ಕೇಳಿರುತ್ತೀರಿ. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಒಬ್ಬರು ದಿನಾ 16 ಲೋಟದಷ್ಟು ಐಸ್ ಟೀ ಕುಡಿದು ಕಿಡ್ನಿ ಕೆಡಿಸಿಕೊಂಡದ್ದನ್ನು 2015ರಲ್ಲಿ ವೈದ್ಯರು ವರದಿ ಮಾಡಿದ್ದರು. ಬಾಯಾರಿಕೆಗೆ ಮೊದಲು ನೀರು, ಮಜ್ಜಿಗೆ. ಐಸ್ ಟೀ ಖುಷಿಗೆ.

ಪ್ಯಾಕೆಟ್‌ನಲ್ಲಿ ಸಿಗುವ ಐಸ್ ಟೀ ಪುಡಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ಯಾಕೆಟ್ ತಿರುಗಿಸಿ, ಸಣ್ಣ ಅಕ್ಷರದಲ್ಲಿರುವ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಹೆಚ್ಚಿನವುಗಳಲ್ಲಿ ಮೊದಲ ಹೆಸರು ಸಕ್ಕರೆ. ಟೀಯ ಹೆಸರು ಎಷ್ಟನೆಯದು ಅಂತ ನೀವೇ ಎಣಿಸಿ.

ಮನೆಯಲ್ಲಿ ಕಾರ್ಯಕ್ರಮ ಇದೆ, 40 ಜನ. ಹೇಗೆ ಸುಧಾರಿಸಲಿ?

8 ಲೀಟರ್ ಮಾಡಿ, ಕೆಲವರು ಎರಡನೇ ಸಲ ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರು ಕುದಿಸಿ ಇಳಿಸಿ. 80 ಗ್ರಾಂ ಎಲೆ ಟೀಯನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಮುಳುಗಿಸಿ. ಐದು ನಿಮಿಷಕ್ಕೆ ಗಂಟು ಎತ್ತಿಬಿಡಿ. ಇಷ್ಟು ನೀರನ್ನು ಸೋಸುತ್ತಾ ಕೂತರೆ ಅಷ್ಟರಲ್ಲಿ ಕಹಿಯಾಗಿರುತ್ತದೆ, ಅದಕ್ಕೇ ಗಂಟು. ಅರ್ಧ ಕಿಲೋ ಸಕ್ಕರೆ ಕರಗಿಸಿ, 4 ಲೀಟರ್ ತಣ್ಣೀರು ಸೇರಿಸಿ. ಆರಿದ ಕೂಡಲೇ ಫ್ರಿಜ್‌ಗೆ. ಜಾಗ ಇಲ್ಲದಿದ್ದರೆ ಪಾತ್ರೆಯನ್ನು ಐಸ್ ತುಂಬಿದ ಟಬ್‌ನಲ್ಲಿ ಕೂರಿಸಿ. ಹಣ್ಣು, 16 ಲಿಂಬೆಯ ರಸ ಬಡಿಸುವ ಅರ್ಧ ಗಂಟೆ ಮುಂಚೆ. ಇಷ್ಟು ಜನಕ್ಕೆ ಅನಾನಸ್ ಅಥವಾ ಮಾವು ಇಟ್ಟುಕೊಳ್ಳಿ, ಪುನರ್ಪುಳಿ ಎಲ್ಲರಿಗೂ ಹಿಡಿಸುವುದಿಲ್ಲ.

ನಾವು ಅಮೆರಿಕದಲ್ಲಿದ್ದೇವೆ. ರಸಪುರಿ ಎಲ್ಲಿಂದ ತರಲಿ?

ಇಂಡಿಯನ್ ಅಂಗಡಿಯ ಡಬ್ಬಿ ಮಾವಿನ ರಸ ಬಳಸಿ. ಅದಕ್ಕೆ ಬಹಳ ಸಲ ಸಕ್ಕರೆ ಸೇರಿಸಿರುತ್ತಾರೆ, ನಿಮ್ಮ ಸಕ್ಕರೆ ಬಿಟ್ಟುಬಿಡಿ. ಮಂದ ಇದ್ದರೆ ನೀರು ಬೆರೆಸಿ ಸೋಸಿ. ಒಣ ಕೋಕಂ ಕೂಡ ಅಲ್ಲೇ ಸಿಗುತ್ತದೆ. ನೀವಿರುವುದು ದಕ್ಷಿಣದ ರಾಜ್ಯಗಳಲ್ಲಾದರೆ ಈ ಪಾನೀಯದ ತವರಿನಲ್ಲೇ ಇದ್ದೀರಿ. ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ 1879ರಲ್ಲೇ ಐಸ್ ಟೀ ಮಾಡುವ ವಿಧಾನ ಅಚ್ಚಾಗಿತ್ತು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ಸೆಖೆಯಲ್ಲಿ ಅದು ಇನ್ನಷ್ಟು ಜನಪ್ರಿಯವಾಯಿತು. ನಿಮ್ಮ ಊರಲ್ಲಿ ಒಳ್ಳೆಯ ಪೀಚ್ ಬರುತ್ತದೆ ಅಂದರೆ ಅದನ್ನೇ ಹಾಕಿ. ಅಲ್ಲಿ ಅದೇ ನಿಮ್ಮ ಗಾಡಿಯ ಹಣ್ಣು.

ಉಳಿದ ಟೀ ಎಲೆ ಏನು ಮಾಡಲಿ?

ಸಕ್ಕರೆ ತಾಗಿರದಿದ್ದರೆ ಹಾಗೇ, ತಾಗಿದ್ದರೆ ಒಮ್ಮೆ ತೊಳೆದು, ಗೊಬ್ಬರದ ಡಬ್ಬಿಗೆ ಹಾಕಿ. ಅಥವಾ ನೆರಳಲ್ಲಿ ಒಣಗಿಸಿ ಒಂದು ಹಿಡಿ ಗುಲಾಬಿ ಗಿಡದ ಬುಡದ ಮಣ್ಣಿಗೆ ಬೆರೆಸಿ. ಮೇಲೆ ರಾಶಿ ಸುರಿಯಬೇಡಿ, ಬೂಸ್ಟು ಹಿಡಿಯುತ್ತದೆ.